ಹಗಲು ಹಕ್ಕಿ, ರಾತ್ರಿ ಚುಕ್ಕಿ: ಚಿಕ್ಕಮಗಳೂರು ಸುತ್ತ ಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋಗೋದು?

ಬುತ್ತಿಗಂಟು

ಎಲ್ಲರಿಗೂ ನಮಸ್ಕಾರ. ನಾನು ಚಿಕ್ಕಮಗಳೂರಿನಲ್ಲಿ ಟೀಚರ್. ಏಳು, ಎಂಟನೇ ತರಗತಿಯ 26 ಮಕ್ಕಳಿದ್ದಾರೆ. ಜೊತೆಗೆ ನಾವೂ ಬರುತ್ತೇವೆ ಅಂದ ಏಳೆಂಟು ಜನ ಮನೆಯವರು. ಒಂದು ರಾತ್ರಿ ನಕ್ಷತ್ರ ನೋಡಬೇಕು, ಅಲ್ಲೇ ಮಲಗಿ ಬೆಳಗ್ಗೆ ಎದ್ದು ಹಕ್ಕಿ ನೋಡಬೇಕು, ಹನ್ನೊಂದಕ್ಕೆಲ್ಲ ವಾಪಸ್ ಹೊರಡಬೇಕು. ಇಷ್ಟೇ ಆಸೆ.

ಭದ್ರಾ ಹುಲಿ ಮೀಸಲು ಪಕ್ಕದಲ್ಲೇ ಇದೆಯಲ್ಲ, ಮುತ್ತೋಡಿಯಲ್ಲಿ ಮಾಡಿ ಅಂತ ಸ್ಟಾಫ್ ರೂಮಿನಲ್ಲಿ ಎಲ್ಲರೂ ಹೇಳುತ್ತಿದ್ದಾರೆ. ಕಾಡು ಅಂದರೆ ಕತ್ತಲೆ, ಕತ್ತಲೆ ಅಂದರೆ ನಕ್ಷತ್ರ ಅನ್ನೋದು ಅವರ ಲೆಕ್ಕ. ಯಾರಾದರೂ ಮಾಡಿ ನೋಡಿದ್ದೀರಾ? ನನ್ನ ಹತ್ತಿರ ಇರೋದು ಒಂದು ಹಳೇ ಬೈನಾಕ್ಯುಲರ್, ಒಂದು ಪ್ಲಾಸ್ಟಿಕ್ ಕುರ್ಚಿ. ಕುರ್ಚಿ ನನಗೆ, ಕುತ್ತಿಗೆ ನೋವಿದೆ.

ಮುತ್ತೋಡಿ ದಾರಿ

ಟೀಚರ್, ಯೋಚನೆ ಚೆನ್ನಾಗಿದೆ, ಜಾಗ ಸರಿಯಿಲ್ಲ. ಮುತ್ತೋಡಿಯಲ್ಲಿ ಸಫಾರಿ ಬೆಳಗ್ಗೆ ಒಂದು, ಮಧ್ಯಾಹ್ನದ ಮೇಲೆ ಒಂದು. ಕತ್ತಲಾದ ಮೇಲೆ ಸಾರ್ವಜನಿಕರು ಕಾಡೊಳಗೆ ಓಡಾಡುವ ಹಾಗಿಲ್ಲ. 1998ರಲ್ಲಿ ಅದು ಹುಲಿ ಮೀಸಲು ಆಯಿತು. ಆಮೇಲೆ ಒಳಗಿದ್ದ ಹಳ್ಳಿಗಳವರು ಮನೆ, ಗದ್ದೆ ಬಿಟ್ಟು ಹೊರಗೆ ಬಂದು ನೆಲೆಸಿದರು. ಇದ್ದವರೇ ಎದ್ದು ಬಂದ ಜಾಗಕ್ಕೆ ನಾವು ರಾತ್ರಿ ಹೊತ್ತು ಚಾಪೆ ಸುತ್ತಿಕೊಂಡು ಹೋಗೋದು ನನಗಂತೂ ಸರಿ ಅನ್ನಿಸಲ್ಲ.

ಅದೂ ಅಲ್ಲದೆ ಮುತ್ತೋಡಿಯಲ್ಲಿ ಆಕಾಶ ಎಲ್ಲಿದೆ? ತೇಗ, ಹೊನ್ನೆ, ಬಿದಿರು. ಈಚೆ ನಮ್ಮ ತೋಟಕ್ಕೆ ಬಂದರೆ ಸಿಲ್ವರ್ ಓಕ್. ತಲೆ ಎತ್ತಿದರೆ ಕೊಡೆ ಬಿಚ್ಚಿದ ಹಾಗೆ. ಹಕ್ಕಿಗಾದರೆ ಸ್ವರ್ಗ. 250ಕ್ಕೂ ಹೆಚ್ಚು ಜಾತಿ ಇವೆ. ಮಂಗಟ್ಟೆ ರೆಕ್ಕೆ ಬಡಿಯುವ ಸದ್ದು ಒಂದು ಸಲ ಕೇಳಿಸಿಕೊಂಡ ಮಗು ಅದನ್ನು ಮರೆಯೋದಿಲ್ಲ. ಆದರೆ ಅದು ಹಗಲಿನ ಮಾತು.

ಇನ್ನು ಆನೆ. ಆಲೂರು, ಸಕಲೇಶಪುರ, ಬೇಲೂರು, ಮೂಡಿಗೆರೆ ಕಡೆ ಯಾರ ತೋಟವೇ ಆಗಲಿ, ರಾತ್ರಿ ಬಯಲಲ್ಲಿ ಮಕ್ಕಳನ್ನು ಕೂರಿಸಬೇಡಿ. ಕಾಡಾನೆಗೆ ಸರ್ವೆ ನಂಬರ್ ಗೊತ್ತಿಲ್ಲ.

ಸುಮ್ನೆ ಓದೋನು

ಮುಳ್ಳಯ್ಯನಗಿರಿ? 1,930 ಮೀಟರ್, ರಾಜ್ಯದಲ್ಲೇ ಎತ್ತರ. ನಕ್ಷತ್ರಕ್ಕೆ ಅಷ್ಟು ಹತ್ತಿರ ಆಗುತ್ತೆ.

ಎಂಟಿಂಚು

ಅಣ್ಣಾ, ಎರಡು ಕಿಲೋಮೀಟರ್ ಹತ್ತಿರ ಬಂದಿದ್ದು ನಕ್ಷತ್ರಕ್ಕೆ ಗೊತ್ತೇ ಆಗಲ್ಲ. ಗಿರಿ ಮೇಲೆ ಗಾಳಿ ಬೀಸಿದರೆ ದೂರದರ್ಶಕ ಅಲ್ಲ, ಅದನ್ನು ಹಿಡಿದವನೇ ಅಲ್ಲಾಡುತ್ತಾನೆ. ಮಂಜು ಹತ್ತಿತೋ, ಎದುರಿಗಿದ್ದವರ ಮುಖ ಕಾಣಲ್ಲ. ಅಲ್ಲಿಗೂ ರಾತ್ರಿ ಬಿಡೋದಿಲ್ಲ ಬಿಡಿ.

ಟೀಚರ್, ನನ್ನ ಹತ್ತಿರ ಎಂಟು ಇಂಚಿನ ಕನ್ನಡಿಯ ದೂರದರ್ಶಕ ಇದೆ, ಹೆಸರೇ ಹೇಳುತ್ತಲ್ಲ. ತಂದು ತೋರಿಸುತ್ತೇನೆ, ದುಡ್ಡು ಬೇಡ, ಊಟ ಹಾಕಿ. ಆದರೆ ಮೂರು ಮಾತು.

ಒಂದು, ಕಾಲ. ಜೂನ್‌ನಿಂದ ಸೆಪ್ಟೆಂಬರ್ ಮರೆತುಬಿಡಿ. ಡಿಸೆಂಬರ್‌ನಿಂದ ಫೆಬ್ರವರಿ ನಮ್ಮ ಕಡೆ ಆಕಾಶ ತೊಳೆದಿಟ್ಟ ಹಾಗೆ ಇರುತ್ತದೆ. ಆದರೆ ಮಕ್ಕಳಿಗೆ ಮೊಬೈಲ್‌ನಲ್ಲಿ ಬರುವ ಹಾಲುಹಾದಿ ಫೋಟೋ ತೋರಿಸಿ ಕರೆದುಕೊಂಡು ಬರಬೇಡಿ. ಅದರ ದಟ್ಟವಾದ ನಡುಭಾಗ ಡಿಸೆಂಬರ್‌ನಲ್ಲಿ ಸೂರ್ಯನ ಕಡೆಗೇ ಇರುತ್ತದೆ. ಅದು ಬೇಕಾದರೆ ಏಪ್ರಿಲ್‌ನಲ್ಲಿ ನಡುರಾತ್ರಿ ಕಳೆದ ಮೇಲೆ ಎದ್ದು ಕೂರಬೇಕು.

ಎರಡು, ಬಯಲು. ಧ್ರುವ ನಕ್ಷತ್ರ ನಾವು ಯಾವ ಅಕ್ಷಾಂಶದಲ್ಲಿದ್ದೇವೋ ಅಷ್ಟೇ ಡಿಗ್ರಿ ಮೇಲೆ ಇರುತ್ತದೆ. ನಮಗೆ 13 ಚಿಲ್ಲರೆ. ಕೈ ಚಾಚಿ ಮುಷ್ಟಿ ಹಿಡಿದರೆ ಸುಮಾರು 10 ಡಿಗ್ರಿ, ಮೇಲೆ ಎರಡು ಬೆರಳು ಇಡಿ, ಅಷ್ಟೇ ಎತ್ತರ. ಮಲೆನಾಡಿನಲ್ಲಿ ಒಂದು ಗುಡ್ಡ, ಒಂದು ಹಲಸಿನ ಮರ ಸಾಕು ಧ್ರುವನನ್ನು ಮುಚ್ಚೋದಕ್ಕೆ. ಆದ್ದರಿಂದ ಕಡೂರು, ತರೀಕೆರೆ, ಅಜ್ಜಂಪುರದ ಬಯಲುಸೀಮೆ ಕಡೆ ಹುಡುಕಿ. ಮಲೆನಾಡಿನವರು ಬೇಜಾರು ಮಾಡ್ಕೋಬಾರದು.

ಮೂರು, ಚಂದ್ರ ಇರಬಾರದು. ಅಮಾವಾಸ್ಯೆ ರಾತ್ರಿಯೇ ಒಳ್ಳೆಯದು.

ಬುತ್ತಿಗಂಟು

ಮೂರನೇದು ಕೇಳಿ ನಗು ಬಂತು. ಅಮಾವಾಸ್ಯೆ ರಾತ್ರಿ, ಊರಾಚೆ, ಬಯಲಲ್ಲಿ, ಮಕ್ಕಳು! ಇದನ್ನು ಗ್ರೂಪ್‌ನಲ್ಲಿ ಹಾಕಿದ ಹತ್ತೇ ನಿಮಿಷಕ್ಕೆ ಆರು ಅಜ್ಜಿಯರ ಫೋನ್ ಬರುತ್ತೆ. ಒಬ್ಬರಂತೂ ನಮ್ಮ ಮನೆಗೇ ಬರುತ್ತಾರೆ.

ಎಂಟಿಂಚು

ಹಾಗಾದರೆ ತದಿಗೆ ದಿನ ಇಡಿ. ಗೆರೆಯಂಥ ಚಂದ್ರ ಎಂಟೂವರೆ, ಒಂಬತ್ತಕ್ಕೆಲ್ಲ ಮುಳುಗುತ್ತಾನೆ. ಅಷ್ಟರೊಳಗೆ ಮಕ್ಕಳಿಗೆ ಚಂದ್ರನ ಕುಳಿಗಳನ್ನೂ ತೋರಿಸಿ ಆಗಿರುತ್ತದೆ. ಅಜ್ಜಿಯರೂ ಸಮಾಧಾನ, ನಾನೂ ಸಮಾಧಾನ.

ಹೋಂಸ್ಟೇ ಅಣ್ಣ

ನಮ್ಮಲ್ಲಿಗೆ ಬನ್ನಿ ಮೇಡಂ. ಶಾಲೆ ಮಕ್ಕಳಿಗೆ ರಿಯಾಯಿತಿ ಇದೆ. ಲಾನ್ ಇದೆ, ಸುತ್ತ ದೀಪ ಇದೆ, ಭಯ ಇಲ್ಲ. ಕ್ಯಾಂಪ್ ಫೈರ್ ಹಾಕಿ ಕೊಡುತ್ತೇವೆ. ಬೆಳಗ್ಗೆ ಸ್ಪೀಕರ್‌ನಲ್ಲಿ ಹಕ್ಕಿ ಕೂಗು ಹಾಕಿದರೆ ಸಾಕು, ಹಕ್ಕಿಗಳು ಬೇಲಿಗೇ ಬಂದು ಕೂರುತ್ತವೆ. ಗೆಸ್ಟ್‌ಗಳಿಗೆ ಬಹಳ ಇಷ್ಟ.

ಕುಟ್ರು

ಅಣ್ಣಾ, ಸಿಟ್ಟು ಮಾಡ್ಕೋಬೇಡಿ. ಲಾನ್ ಸುತ್ತ ದೀಪ, ನಡುವೆ ಬೆಂಕಿ, ಮೇಲೆ ನಕ್ಷತ್ರ. ಮೂರೂ ಒಟ್ಟಿಗೆ ಆಗಲ್ಲ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಒಂದು ಸಲ ಬೆಂಕಿ ನೋಡಿದರೆ, ಒಬ್ಬ ಮೊಬೈಲ್ ಟಾರ್ಚ್ ಹಾಕಿದರೆ, ಮತ್ತೆ ಮೊದಲಿಂದ ಶುರು.

ಸ್ಪೀಕರ್ ವಿಷಯ ಇನ್ನೂ ಬೇಜಾರು. ಹಕ್ಕಿ ಬೇಲಿಗೆ ಬರೋದು ನಿಮ್ಮ ಗೆಸ್ಟ್ ನೋಡಲು ಅಲ್ಲ. ತನ್ನ ಜಾಗಕ್ಕೆ ಇನ್ನೊಂದು ಗಂಡು ನುಗ್ಗಿದೆ ಅಂದುಕೊಂಡು ಜಗಳಕ್ಕೆ ಬರುತ್ತದೆ. ಮೊಟ್ಟೆ, ಮರಿ ಬಿಟ್ಟು ಬಂದಿರುತ್ತದೆ. ದಿನಾ ಬೆಳಗ್ಗೆ ಯಾರೋ ನಿಮ್ಮ ಮನೆ ಬಾಗಿಲಲ್ಲಿ ನಿಂತು ಬೈದು, ಹೊರಗೆ ಬಂದು ನೋಡಿದರೆ ಯಾರೂ ಇಲ್ಲ ಅಂದರೆ ಹೇಗಿರುತ್ತೆ?

ಹುಲಿ ಕಾಡಲ್ಲಿ ನಕ್ಷತ್ರ ನೋಡೋದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಮಹಾರಾಷ್ಟ್ರದ ಪೆಂಚ್ ಹುಲಿ ಮೀಸಲಿಗೆ 2024ರಲ್ಲಿ ದೇಶದ ಮೊದಲ ಡಾರ್ಕ್ ಸ್ಕೈ ಪಾರ್ಕ್ (ರಾತ್ರಿಯ ಕತ್ತಲೆ ಕಾಪಾಡುವ ಜಾಗ) ಅನ್ನೋ ಮಾನ್ಯತೆ ಸಿಕ್ಕಿತು. ಅಲ್ಲಿ ಅರಣ್ಯ ಇಲಾಖೆಯೇ ಗೊತ್ತುಮಾಡಿದ ಜಾಗದಲ್ಲಿ ದೂರದರ್ಶಕ ಇಟ್ಟಿದೆ, ಸುತ್ತಲ ಹಳ್ಳಿಗಳ ಬೀದಿ ದೀಪಗಳನ್ನು ನೆಲದ ಕಡೆಗೆ ತಿರುಗಿಸಿದೆ. ಅಂದರೆ ಮೊದಲು ದೀಪದ ಕೆಲಸ, ಆಮೇಲೆ ಜನ. ನಾವು ಜನರನ್ನು ಮೊದಲು ಕರೆಯುತ್ತೇವೆ.

ಹೋಂಸ್ಟೇ ಅಣ್ಣ

ಸ್ಪೀಕರ್ ವಿಷಯ ನನಗೆ ಗೊತ್ತಿರಲಿಲ್ಲ, ಒಪ್ಪುತ್ತೇನೆ. ದೀಪದ ವಿಷಯ ಒಪ್ಪಲ್ಲ. ಬೆಂಗಳೂರಿನಿಂದ ಬಂದವರು ಬಾತ್‌ರೂಮಿಗೆ ಹೋಗುವಾಗ ಹಾವು ತುಳಿದರೆ ನೀವು ಬರುತ್ತೀರಾ?

ಕಾವಲಿನವ

ಇಬ್ಬರೂ ಸ್ವಲ್ಪ ತಣ್ಣಗಾಗಿ. ಟೀಚರ್, ನಮ್ಮ ಕಡೆ ಬನ್ನಿ. ಕಡೂರು ತಾಲ್ಲೂಕಿನ ಬಾಸೂರು ಅಮೃತ್ ಮಹಲ್ ಕಾವಲ್ ಕೇಳಿದ್ದೀರಾ? ಸುಮಾರು 7 ಚದರ ಕಿಲೋಮೀಟರ್ ಹುಲ್ಲುಗಾವಲು. 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶ ಅಂತ ಘೋಷಣೆ ಆಯಿತು. ಕೃಷ್ಣಮೃಗ ಇವೆ. ನೋಡಿದವರು "ಏನಿದು, ಬರಡು ಭೂಮಿ" ಅಂತಾರೆ. ಮಲೆನಾಡಿನವರಂತೂ ಮರ ಇಲ್ಲ ಅಂದರೆ ಕಾಡೇ ಅಲ್ಲ ಅಂತಾರೆ. ಅಮೃತ್ ಮಹಲ್ ದನ ಮೇಯಲಿ ಅಂತ ರಾಜರ ಕಾಲದಲ್ಲಿ ಬಿಟ್ಟ ಕಾವಲುಗಳು ಇವು. ಎಷ್ಟೋ ಕಡೆ ಉಳುಮೆಗೆ, ಕಟ್ಟಡಕ್ಕೆ ಹೋಗಿಬಿಟ್ಟವು. ಉಳಿದಿದ್ದು ಸ್ವಲ್ಪ.

ಆದರೆ ಒಂದು ಮಾತು. ರಾತ್ರಿ ಕಾವಲಿನ ಒಳಗೆ ಕೂರೋದು ಬೇಡ. ಮರ ಇಲ್ಲ, ಆನೆ ಇಲ್ಲ, ಇನ್ನೇನು ಅಂತ ಅಂದ್ಕೋಬೇಡಿ. ಚಳಿಗಾಲದಲ್ಲಿ ಮಧ್ಯ ಏಷ್ಯಾ ಕಡೆಯಿಂದ ಹ್ಯಾರಿಯರ್ ಅನ್ನೋ ಹದ್ದಿನ ಜಾತಿಯ ಹಕ್ಕಿ ಈ ಹುಲ್ಲುಗಾವಲುಗಳಿಗೆ ಬರುತ್ತದೆ. ಅದು ರಾತ್ರಿ ಮಲಗೋದು ಮರದ ಮೇಲಲ್ಲ, ಹುಲ್ಲಿನ ನಡುವೆ ನೆಲದ ಮೇಲೆ, ಗುಂಪಾಗಿ. ನತ್ತಿಂಗ ಅನ್ನೋ ರಾತ್ರಿ ಹಕ್ಕಿಯೂ ನೆಲಕ್ಕೇ ಅಂಟಿಕೊಂಡು ಕೂತಿರುತ್ತದೆ. ನೀವು 26 ಮಕ್ಕಳನ್ನು ಬಿಟ್ಟರೆ 52 ಕಾಲು.

ಆಚೆಗೆ ಊರ ಹತ್ತಿರ ನಮ್ಮ ಚಿಕ್ಕಪ್ಪನ ಹೊಲ ಇದೆ. ರಾಗಿ ಕೊಯ್ಲು ಆಗಿದೆ. ಕೂಳೆ ಚುಚ್ಚುತ್ತೆ, ಟಾರ್ಪಾಲ್ ಹಾಸೋಣ. ಮಲಗೋದಕ್ಕೆ ಸಮುದಾಯ ಭವನ ಕೇಳಿಸಿಕೊಡುತ್ತೇನೆ. ಬೆಳಗ್ಗೆ ಕಾವಲಿನ ಅಂಚಿನಲ್ಲಿ ನಡೆಯೋಕೆ ವಲಯ ಅರಣ್ಯಾಧಿಕಾರಿ ಕಚೇರಿಗೆ ಶಾಲೆ ಲೆಟರ್‌ಹೆಡ್‌ನಲ್ಲಿ ಮೊದಲೇ ಪತ್ರ ಕೊಡಿ. ಹಿಂದಿನ ದಿನ ಓಡಾಡಬೇಡಿ, ಹದಿನೈದು ದಿನ ಮುಂಚೆ ಕೊಡಿ.

ಎಂಟಿಂಚು ಸಾರ್‌ಗೆ ಒಂದು ಪ್ರಶ್ನೆ. ನಮ್ಮ ಅಪ್ಪನಿಗೆ ಮಳೆ ನಕ್ಷತ್ರ ಎಲ್ಲ ಬಾಯಿಪಾಠ. ಆರಿದ್ರಾ ಮಳೆ ಆರದೆ ಹೊಯ್ಯುತ್ತೆ ಅಂತ ಈಗಲೂ ಹೇಳುತ್ತಾರೆ. ಆದರೆ ಆಕಾಶದಲ್ಲಿ ಆರಿದ್ರಾ ಯಾವುದಪ್ಪ ಅಂದರೆ ಗೊತ್ತಿಲ್ಲ. ಮಳೆಗಾಲದಲ್ಲಿ ಮೋಡ ಇರುತ್ತೆ ಅಂತಾನಾ?

ಎಂಟಿಂಚು

ಮೋಡ ಇಲ್ಲದಿದ್ದರೂ ಕಾಣುತ್ತಿರಲಿಲ್ಲ! ಸೂರ್ಯ ಯಾವ ನಕ್ಷತ್ರದ ಜೊತೆ ಇರುತ್ತಾನೋ ಆ ಹೆಸರಿನ ಮಳೆ. ಒಂದೊಂದರಲ್ಲಿ 13, 14 ದಿನ. ಜೂನ್ 22ರ ಸುಮಾರಿಗೆ ಆರಿದ್ರಾ ಮಳೆ ಹುಟ್ಟುತ್ತೆ ಅಂದರೆ ಸೂರ್ಯ ಆರಿದ್ರಾ ಹತ್ತಿರ ಬಂದ ಅಂತ. ಆ ನಕ್ಷತ್ರ ಸೂರ್ಯನ ಜೊತೆಗೇ ಹುಟ್ಟಿ ಜೊತೆಗೇ ಮುಳುಗುತ್ತೆ, ಹಗಲಲ್ಲಿ ಕಾಣಲ್ಲ. ಆರು ತಿಂಗಳಾದ ಮೇಲೆ, ಚಳಿಗಾಲದಲ್ಲಿ, ಅದೇ ಆರಿದ್ರಾ ಸಂಜೆ ಪೂರ್ವಕ್ಕೆ ಕೆಂಪಗೆ ಏಳುತ್ತೆ. ಮಳೆ ನಕ್ಷತ್ರ ನೋಡಬೇಕಾದರೆ ಮಳೆ ಇಲ್ಲದ ಕಾಲದಲ್ಲೇ ನೋಡಬೇಕು.

ಟೀಚರ್, ಕೃತ್ತಿಕೆಯಿಂದ ಸ್ವಾತಿವರೆಗೆ 13 ಮಳೆ. ನಿಮ್ಮ ಮಕ್ಕಳು 26. ಇಬ್ಬಿಬ್ಬರಿಗೆ ಒಂದೊಂದು ಮಳೆ ಕೊಟ್ಟುಬಿಡಿ.

ಬುತ್ತಿಗಂಟು

ಇದು ಚೆನ್ನಾಗಿದೆ! ಸಂಕ್ರಾಂತಿ ಕಳೆದ ವಾರ ಅಮಾವಾಸ್ಯೆ ಇದೆ, ಅದರ ತದಿಗೆಗೆ ಇಡುತ್ತೇನೆ. ಪತ್ರ ನಾಳೆಯೇ ಬರೆಯುತ್ತೇನೆ.

ಹಾಸನದ ಹುಡುಗಿ

ನಾನೂ ಬರಬಹುದಾ? ನನ್ನ ಹತ್ತಿರ 8×42 ಬೈನಾಕ್ಯುಲರ್ ಇದೆ. 8 ಅಂದರೆ ಎಂಟು ಪಟ್ಟು ದೊಡ್ಡದಾಗಿ ತೋರಿಸುತ್ತೆ, 42 ಅಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರ್‌ನಲ್ಲಿ. ಹಕ್ಕಿಗೂ ಅದೇ, ಗುರುವಿನ ಚಂದ್ರರಿಗೂ ಅದೇ. ಕೈ ನಡುಗಬಾರದು ಅಷ್ಟೇ, ಗೋಡೆಗೋ ಕಂಬಕ್ಕೋ ಒರಗಿಕೊಳ್ಳಬೇಕು.

ಇನ್ನೊಂದು, ನಮ್ಮ ಹಾಸನದಲ್ಲಿ ಇಸ್ರೋದ ಎಂಸಿಎಫ್ (ಉಪಗ್ರಹ ನಿಯಂತ್ರಣ ಕೇಂದ್ರ) ಇದೆ, 1982ರಿಂದ. ಚಿಕ್ಕವಳಿದ್ದಾಗ ರಾತ್ರಿ ಓಡುವ ಚುಕ್ಕಿ ಕಂಡರೆ, ಅದನ್ನು ನಮ್ಮೂರಿನವರೇ ಓಡಿಸುತ್ತಿರೋದು ಅಂತ ಅಪ್ಪ ಹೇಳುತ್ತಿದ್ದರು. ಮಕ್ಕಳಿಗೆ ಅದನ್ನೂ ತೋರಿಸಬಹುದು.

ಎಂಟಿಂಚು

ಬನ್ನಿ ತಂಗಿ. ಆದರೆ ಅಪ್ಪನ ಮಾತು ಅರ್ಧ ಸರಿ. ಎಂಸಿಎಫ್‌ನವರು ಮುಖ್ಯವಾಗಿ ನೋಡಿಕೊಳ್ಳೋದು ಸುಮಾರು 36,000 ಕಿಲೋಮೀಟರ್ ಮೇಲಿರುವ ಉಪಗ್ರಹಗಳನ್ನು. ಅವು ಭೂಮಿ ತಿರುಗುವ ವೇಗಕ್ಕೇ ತಿರುಗುತ್ತವೆ, ಹಾಗಾಗಿ ನಮಗೆ ನಿಂತಲ್ಲೇ ನಿಂತ ಹಾಗೆ. ಬರಿಗಣ್ಣಿಗೆ ಕಾಣಲ್ಲ. ಮನೆ ಮೇಲಿನ ಟಿವಿ ಡಿಶ್ ಒಂದು ಸಲ ಒಂದು ಕಡೆ ತಿರುಗಿಸಿ ಬಿಗಿದರೆ ಮತ್ತೆ ಮುಟ್ಟೋ ಹಾಗಿಲ್ಲ ಅಲ್ವಾ? ಅದಕ್ಕೇ. ಓಡುವ ಚುಕ್ಕಿಗಳು ತುಂಬಾ ಕೆಳಗಿನವು. ಬಾಹ್ಯಾಕಾಶ ನಿಲ್ದಾಣ ಸುಮಾರು 400 ಕಿಲೋಮೀಟರ್ ಮೇಲೆ, ಒಂದೂವರೆ ಗಂಟೆಗೆ ಒಂದು ಸುತ್ತು.

ಹಾಸನದ ಹುಡುಗಿ

ಅಪ್ಪನಿಗೆ ಹೇಳಲ್ಲ. ಹಾಗೇ ಇರಲಿ.

ಮುತ್ತೋಡಿ ದಾರಿ

ಓದುತ್ತಿರುವ ಬೇರೆಯವರಿಗೆ ಒಂದು ಮಾತು. ಚಳಿಗಾಲ, ಬೇಸಿಗೆಯಲ್ಲಿ ಮಲೆನಾಡಿನ ಕಾಡಲ್ಲಿ ಹಕ್ಕಿ ನೋಡಲು ಹೋಗುವವರು ಉಣುಗಿನ ವಿಷಯ ಹಗುರವಾಗಿ ತಗೋಬೇಡಿ. ಕೊಪ್ಪ, ನರಸಿಂಹರಾಜಪುರ ಕಡೆ ಡಿಸೆಂಬರ್‌ನಿಂದ ಮೇವರೆಗೆ ಉಣುಗು ಕಚ್ಚಿ ಬರುವ ಮಂಗನ ಕಾಯಿಲೆ ಕಾಲ. ಕಾಲು ಮುಚ್ಚುವ ಪ್ಯಾಂಟ್, ಸಾಕ್ಸ್ ಒಳಗೆ ಪ್ಯಾಂಟ್ ತೂರಿಸಿ, ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಹಚ್ಚಿ. ಎಲೆ ರಾಶಿ ಮೇಲೆ ಕೂರಬೇಡಿ. ಮಂಗ ಸತ್ತಿದ್ದು ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಮಳೆಗಾಲದ ಇಂಬಳ ಕಚ್ಚಿದರೆ ಬರೀ ರಕ್ತ ಹೋಗುತ್ತೆ, ಇದು ಹಾಗಲ್ಲ.

ಬುತ್ತಿಗಂಟು

ಹೋಗಿ ಬಂದೆವು! ಎರಡು ದಿನ ನಿದ್ದೆ ಮಾಡಿ ಈಗ ಬರೆಯುತ್ತಿದ್ದೇನೆ. ಉದ್ದ ಆಗುತ್ತೆ, ಕ್ಷಮಿಸಿ.

ಮೊದಲು ಆದ ಎಡವಟ್ಟುಗಳು. ವ್ಯಾನ್ ತಡವಾಯಿತು, ಚಂದ್ರ ಮುಳುಗಲು ಅರ್ಧ ಗಂಟೆ ಇತ್ತು. ದೂರದರ್ಶಕದ ಮುಂದೆ ಮದುವೆ ಮನೆ ಪಂಕ್ತಿ ಥರ ನೂಕುನುಗ್ಗಲು, ಎಂಟಿಂಚು ಸಾರ್ ಎರಡು ಸಲ ಗದರಿದರು. ಡ್ರೈವರ್ ಅಣ್ಣ ಪಾಪ, ಮಕ್ಕಳಿಗೆ ಕತ್ತಲೆ ಅಂತ ಹೆಡ್‌ಲೈಟ್ ಹಾಕಿ ನಿಲ್ಲಿಸಿದ್ದರು. ಕೆಂಪು ಗ್ಲಾಸ್ ಪೇಪರ್ ಕಟ್ಟಿದ ಟಾರ್ಚ್ ನಾಲ್ಕು ಒಯ್ದಿದ್ದೆವು, ಮೂರು ಮಕ್ಕಳ ಕೈಯಲ್ಲಿ ಆಟದ ಸಾಮಾನಾದವು. ಹನ್ನೊಂದರ ಮೇಲೆ ಇಬ್ಬನಿ ಬಿದ್ದು ಕಣ್ಣಿಡುವ ಗಾಜು ಮಂಜಾಯಿತು. ಒರೆಸಬೇಡಿ, ಅಂತ ಸಾರ್ ಕೂಗುವಷ್ಟರಲ್ಲಿ ಒಬ್ಬ ಸ್ವೆಟರ್‌ನಲ್ಲಿ ಒರೆಸಿ ಆಗಿತ್ತು.

ಫೋನ್ ಮಾಡುತ್ತಾರೆ ಅಂದಿದ್ದ ಅಜ್ಜಿಯರಲ್ಲಿ ಒಬ್ಬರು ಬಂದೇ ಬಿಟ್ಟರು, ಮೊಮ್ಮಗನ ಕಾವಲಿಗೆ. ಶನಿ ತೋರಿಸುತ್ತೇನೆ ಬನ್ನಿ ಅಂದರೆ, "ಅವನು ನಮ್ಮನ್ನು ನೋಡೋದು ಸಾಲದಾ, ನಾವೂ ಅವನನ್ನು ಹುಡುಕಿಕೊಂಡು ಹೋಗಬೇಕಾ?" ಅಂದರು. ನೋಡಲೇ ಇಲ್ಲ. ನೋಡಿದವರಿಗೂ ಶನಿಯ ಸುತ್ತಲ ಬಳೆ ದಾರದಷ್ಟು ತೆಳ್ಳಗೆ ಕಂಡಿತು. 2025ರ ಮಾರ್ಚ್‌ನಲ್ಲಿ ಬಳೆಯ ಅಂಚು ನಮ್ಮ ಕಡೆ ತಿರುಗಿತ್ತಂತೆ, ಇನ್ನೂ ಸರಿಯಾಗಿ ತೆರೆದುಕೊಂಡಿಲ್ಲ.

ಆದರೆ ಮಳೆ ನಕ್ಷತ್ರ ಶುರುವಾದ ಮೇಲೆ ಅಜ್ಜಿಯೇ ಟೀಚರ್. ಒಂದೊಂದು ಜೋಡಿ ಎದ್ದು ನಿಂತು ತಮ್ಮ ಮಳೆ ಹೆಸರು ಹೇಳೋದು, ಅಜ್ಜಿ ಆ ಮಳೆಯಲ್ಲಿ ಏನು ಬಿತ್ತುತ್ತಾರೆ, ಏನು ಕೆಡುತ್ತೆ ಅಂತ ಹೇಳೋದು, ಸಾರ್ ಆಕಾಶದಲ್ಲಿ ಬೆರಳು ತೋರಿಸೋದು. ಆರಿದ್ರಾ ಕಂಡಾಗ ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಇಷ್ಟು ಕೆಂಪಗಿದೆಯಾ" ಅಂದರು, ಅಷ್ಟೇ. ಪುನರ್ವಸು ಜೋಡಿಗೆ ಪಕ್ಕದಲ್ಲೇ ಗುರು ಇದ್ದ, ನಾಲ್ಕು ಚಂದ್ರರ ಸಮೇತ. ಪುಷ್ಯದವರಿಗೆ ಬರಿಗಣ್ಣಿಗೆ ಏನೂ ಸರಿಯಾಗಿ ಕಾಣದೆ ಅಳುಮುಖ. ಹಾಸನದ ತಂಗಿ ಬೈನಾಕ್ಯುಲರ್ ಕೊಟ್ಟಳು, ಸಾಸಿವೆ ಚೆಲ್ಲಿದ ಹಾಗೆ ನಕ್ಷತ್ರಗಳು.

ರಾತ್ರಿ ಒಂಬತ್ತೂವರೆಗೆ ಮಖೆವರೆಗೆ ಎಂಟು ಮಳೆ ಸಿಕ್ಕವು. ಉಳಿದ ಐದು ಜೋಡಿಗೆ "ಬೆಳಗಿನ ಜಾವ ಎದ್ದರೆ ಸಿಗುತ್ತೆ" ಅಂದೆವು. ಹಸ್ತದ ಹುಡುಗ ಮೋಸ ಅಂತ ಮುಖ ಊದಿಸಿಕೊಂಡು ಮಲಗಿದ. ಐದು ಗಂಟೆಗೆ ಎಬ್ಬಿಸಿದ್ದು ಅವನೇ, ಎಲ್ಲರನ್ನೂ! ಉತ್ತರಕ್ಕೆ ತಿರುಗಿದರೆ ಸಪ್ತರ್ಷಿ, ವಸಿಷ್ಠನ ಪಕ್ಕ ಅರುಂಧತಿ. ಹಾಗೇ ಬೆನ್ನು ತಿರುಗಿಸಿದರೆ ದಕ್ಷಿಣದಲ್ಲಿ ಕೆಳಗೆ ತ್ರಿಶಂಕು, ಅದರ ನೇರ ಮೇಲೆ ಅವನ ಹಸ್ತ. ಮದುವೆಯಲ್ಲಿ ಅರುಂಧತಿ ನೋಡಿದ್ದೀರಾ ಅಂತ ನನ್ನನ್ನು ಕೇಳಿದರು. ಹಗಲು ಹನ್ನೊಂದಕ್ಕೆ ಛತ್ರದ ಸೀಲಿಂಗ್ ಫ್ಯಾನ್ ತೋರಿಸಿದ್ದರು ಅಂದೆ.

ಬೆಳಕು ಹರಿಯುವ ಮೊದಲು ನತ್ತಿಂಗ ಚಕ್ ಚಕ್ ಅಂತ ಕೂಗಿತು. ಆಮೇಲೆ ಟಿಟ್ಟಿಭ ನಮ್ಮನ್ನು ನೋಡಿ ಊರಿಗೇ ಸಾರಿತು. ಗೌಜಲ, ನೆಲಗುಬ್ಬಿ, ಕಾಜಾಣ, ತಂತಿ ಮೇಲೆ ನೀಲಕಂಠ (ಇದು ನಮ್ಮ ರಾಜ್ಯ ಪಕ್ಷಿ ಅಂತ 26ರಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು). ಅರಣ್ಯ ಇಲಾಖೆಯ ವಾಚರ್ ಒಬ್ಬರು ಜೊತೆಗಿದ್ದರು. ದೂರದಲ್ಲಿ ಕೃಷ್ಣಮೃಗದ ಹಿಂಡು ತೋರಿಸಿದವರು ಅವರೇ. ಹುಲ್ಲಿನ ಮೇಲೆ ಮೊಣಕಾಲೆತ್ತರದಲ್ಲಿ ತೇಲಿಕೊಂಡು ಹೋದ ಒಂದು ಹ್ಯಾರಿಯರ್ ಹಿಂದಿನ ರಾತ್ರಿ ಅಲ್ಲೇ ನೆಲದ ಮೇಲೆ ಮಲಗಿತ್ತು ಅಂದಾಗ ಮಕ್ಕಳು ತಾವಾಗೇ ದನಿ ತಗ್ಗಿಸಿದರು. ನಾನು ತರಗತಿಯಲ್ಲಿ ಹತ್ತು ಸಲ ಕೂಗಿದರೂ ಆಗದ್ದು ಇದು.

ಮಕ್ಕಳ ಪಟ್ಟಿಯಲ್ಲಿ 31 ಹಕ್ಕಿ. ಕುಟ್ರು ಅವರು ಒಪ್ಪಿದ್ದು 22.

ಕುಟ್ರು

22 ಜಾಸ್ತಿಯೇ ಆಯಿತು ಟೀಚರ್. "ಕಪ್ಪು ಹಕ್ಕಿ, ಸಣ್ಣದು" ಅನ್ನೋದನ್ನು ನಾನು ಎರಡು ಸಲ ಎಣಿಸಿದ್ದೇನೆ. ಫೆಬ್ರವರಿಯಲ್ಲಿ ನಾಲ್ಕು ದಿನ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಅನ್ನೋ ಹಕ್ಕಿ ಎಣಿಕೆ ಇರುತ್ತೆ. 15 ನಿಮಿಷ ಶಾಲೆ ಅಂಗಳದಲ್ಲೇ ನಿಂತು ಕಂಡಿದ್ದನ್ನು ಎಣಿಸಿ ಹಕ್ಕಿ ಪಟ್ಟಿ ಹಾಕುವ ಜಾಲತಾಣ ಇಬರ್ಡ್‌ಗೆ ಹಾಕಿದರೂ ಲೆಕ್ಕಕ್ಕೆ ಬರುತ್ತೆ. ಕಾಗೆಯನ್ನೂ ಬರೆಯಬೇಕು, ಬಿಡಬಾರದು.

ಹೋಂಸ್ಟೇ ಅಣ್ಣ

ಓದಿದೆ. ಸ್ಪೀಕರ್ ತೆಗೆದಿದ್ದೇನೆ. ದೀಪಕ್ಕೆ ಮೇಲೆ ಮುಚ್ಚಳ ಇರುವ, ಹಳದಿ ಬೆಳಕು ನೆಲಕ್ಕೆ ಮಾತ್ರ ಬೀಳುವ ಥರದ್ದು ಎಲ್ಲಿ ಸಿಗುತ್ತೆ? ಚಿಕ್ಕಮಗಳೂರಿನ ಮೂರು ಅಂಗಡಿಯಲ್ಲಿ ಬಿಳಿ ಫ್ಲಡ್‌ಲೈಟ್ ಮಾತ್ರ ಇದೆ. ಎಲ್ಲ ದೀಪ ಆರಿಸಿ ಅಂತ ಮಾತ್ರ ಹೇಳಬೇಡಿ, ಹಾವಿನ ವಿಷಯ ನಾನು ಬಿಡಲ್ಲ.

ಮುತ್ತೋಡಿ ದಾರಿ

ಹಾಲು ಡೈರಿ ಹಿಂದಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಹಳೇ ಕಾಲದ ತಗಡಿನ ಬೀದಿ ದೀಪದ ಟೋಪಿ ನೋಡಿದ್ದೇನೆ. ಅದಕ್ಕೇ ಹಳದಿ ಬಲ್ಬ್ ಹಾಕಿ.

ಸುಮ್ನೆ ಓದೋನು

ಮುಂದಿನ ಸಲ ನಾನೂ ಬರುತ್ತೇನೆ. ಬೇಸಿಗೆ ರಜೆಯಲ್ಲಿ ಲಕ್ಕವಳ್ಳಿಗೆ ಹೋಗೋಣವಾ? ಭದ್ರಾ ಹಿನ್ನೀರಿನಲ್ಲಿ ನೀರು ಇಳಿದಾಗ ನಡುಗಡ್ಡೆಗಳ ಮೇಲೆ ನೀರಹಕ್ಕಿಗಳಾದ ರಿವರ್ ಟರ್ನ್‌ಗಳು ಮೊಟ್ಟೆ ಇಡುತ್ತವಲ್ಲ, ದೋಣಿಯಿಂದ ದೂರದಲ್ಲೇ ನೋಡಬಹುದು. ರಾತ್ರಿ ಊರಿಗೆ ವಾಪಸ್. ಆಕಾಶ ಕಾವಲಿನವರ ಚಿಕ್ಕಪ್ಪನ ಹೊಲದಲ್ಲೇ ಇರಲಿ.

ಕಾವಲಿನವ

ಚಿಕ್ಕಪ್ಪ ಏಪ್ರಿಲ್‌ನಲ್ಲಿ ಮಳೆ ಬಿದ್ದರೆ ಉಳುತ್ತಾರೆ. ಮೊದಲೇ ಹೇಳಿ.

ಅಂದ ಹಾಗೆ ಟಾರ್ಪಾಲ್ ಮಡಚುವಾಗ ಒಂದು ಬೈನಾಕ್ಯುಲರ್ ಸಿಕ್ಕಿದೆ. ಹಳೇದು, ಎಡಗಡೆ ಗಾಜು ಸ್ವಲ್ಪ ಸಡಿಲ. ಯಾರದು?

ಬುತ್ತಿಗಂಟು

ನನ್ನದೇ. ಕುರ್ಚಿಯೂ ಅಲ್ಲೇ ಇದೆಯಾ ನೋಡಿ.